ಹೋದದ್ದು ಹೊಳ್ಳಿ ಬರಬೇಕು

— ಕಾಕಾ, ಈ ವಹಿ ಚೂರ ನೋಡ್ರಿ. ಜಮಖಂಡಿ, ಮುಧೋಳ, ಬೀಳಗಿ, ಮತ್ತ ನಮ್ಮ ರಬಕವಿ-ಬನಹಟ್ಟಿ, ನಾಕೂ ಕಡೆ ಒಂದೊಂದ ಮನಿ ರೀಡಿಂಗ್ ಬರಕೊಂಡು ಬಂದೀನಿ. ಐಟಿಐದಾಗ ಕಲಿಸಿದ ಲೆಕ್ಕಕ್ಕ ಒಂದೂ ಕೂಡವಲ್ದು.

— ರೀಡಿಂಗ್ ಕೂಡವಲ್ದೋ, ನಿನ್ನ ಮೀಟರ್ ಕೆಟ್ಟೇತೋ?

— ಮೀಟರ್ ಹೊಸಾದು. ನಮ್ಮ ಮನಿ ಪ್ಲಗ್ಗಿಗೆ ಹಚ್ಚಿದ್ರ 231 ತೋರಸತೈತಿ, ಪೆನ್ಸಿಲ್ ಸೆಲ್ಲಿಗೆ ಹಚ್ಚಿದ್ರ ಒಂದೂವರಿ.

— ಹಂಗಾರ ಅದು ಬರೋಬ್ಬರಿ ಐತಿ. ಮನಿಗೆ ಬರೂ ಕರಂಟು 230 ವೋಲ್ಟ್. ಶೇಕಡಾ 6 ಹೆಚ್ಚು, ಇಲ್ಲಾ 6 ಕಮ್ಮಿ. ಅಂದ್ರ 216ರಿಂದ 244ರ ನಡುವ ಇದ್ರ ಚಿಂತಿಲ್ಲ. ಹೇಳು, ಮೊದಲನೇದ್ದು ಯಾವ ಊರದು?

— ಜಮಖಂಡಿದು. ಹಳೇ ಕಲ್ಲಿನ ಮನಿ. ಮುಂದ ಫ್ಯಾನ್ ಹಾಕಸೂಣು ಅಂತ ಮಾಳಿಗಿ ಮ್ಯಾಲಿನ ಖೋಲಿತನಕ ಒಂದ ವಾಯರ್ ಪೈಪಿನ್ಯಾಗ ಎಳದ ಇಟ್ಟಾರ. ಎರಡೂ ತುದಿ ಬಿಚ್ಚೇ ಅದಾವ. ಯಾವ ಸ್ವಿಚ್ಚಿಗೂ ಸೇರಿಲ್ಲ, ಯಾವ ಫ್ಯೂಜಿಗೂ ಸೇರಿಲ್ಲ. ಆದ್ರೂ ಅದಕ್ಕೂ ನ್ಯೂಟ್ರಲ್ಲಿಗೂ ನಡುವ ಮೀಟರ್ ಹಿಡದ್ರ 87 ವೋಲ್ಟ್! ಮನಿ ಮಂದಿ ಅಂಜಿ ಆ ಖೋಲಿಗೆ ಕೀಲಿ ಹಾಕ್ಯಾರ.

— ಅದ ಪೈಪಿನ್ಯಾಗ ಅದರ ಜೋಡಿ ಬ್ಯಾರೆ ಏನೇನ ಅದಾವ?

— ಖೋಲಿ ಲೈಟಿನ ಫೇಸ್ ಒಂದು, ನ್ಯೂಟ್ರಲ್ ಒಂದು. ಎಲ್ಲಾ ಒಂದಕ್ಕೊಂದು ಅಂಟಿಕೊಂಡ ಹೋಗ್ಯಾವ.

— ಬಲ್ಬ್ ಹಚ್ಚಿ ನೋಡಿದ್ಯಾ?

— ನೋಡಿದ್ನಿ. 15 ವ್ಯಾಟಿನ ಬಲ್ಬ್ ಆ ಖಾಲಿ ವಾಯರಿಗೂ ನ್ಯೂಟ್ರಲ್ಲಿಗೂ ಹಚ್ಚಿ, ಬಲ್ಬಿನ ಎರಡೂ ಕಡೆ ಮೀಟರ್ ಹಿಡದ್ನಿ. 87 ಇದ್ದದ್ದು ಸೊನ್ನಿ ಆತು. ಬಲ್ಬ್ ತಗದ ಕೂಡಲೇ ಮತ್ತ 87. ಇದ್ದದ್ದು ಖರೇನ ಆದ್ರ ಎಲ್ಲಿ ಹೋತು? ಸುಳ್ಳ ಆದ್ರ ಮೀಟರಿಗೆ ಹೆಂಗ ಕಾಣ್ತು?

— ಖರೇನೂ ಐತಿ, ಖಾಲಿನೂ ಐತಿ. ನೀ ಕಂಡೆನ್ಸರ್ ಓದಿಯಲ್ಲ? ಎರಡು ಲೋಹದ ತುಣುಕು, ನಡುವ ಕರಂಟ್ ಹಾಯದಂಥಾ ಒಂದ ಪದರು. ಪೈಪಿನ್ಯಾಗ ಫೇಸಿನ ತಾಮ್ರ ಒಂದ ತುಣುಕು, ಖಾಲಿ ವಾಯರಿನ ತಾಮ್ರ ಇನ್ನೊಂದು, ನಡುವ ಪಿವಿಸಿ. ಮನಿ ಕಟ್ಟಿದವ್ರು ಗೊತ್ತಿಲ್ಲದನ ಒಂದ ಉದ್ದನ ಕಂಡೆನ್ಸರ್ ಗ್ವಾಡ್ಯಾಗ ಹುಗದಾರ. ಆ ಕಡೆ ಫೇಸ್, ಈ ಕಡೆ ನ್ಯೂಟ್ರಲ್, ನಡುವ ನಿಂತ ವಾಯರಿಗೆ 230ರಾಗ ಒಂದ ಪಾಲು ಬರತೈತಿ. ನಿನಗ 87 ಬಂತು. ಫೇಸಿಗೂ ನ್ಯೂಟ್ರಲ್ಲಿಗೂ ಸಮಾ ಅಂತರ ಇದ್ದಿದ್ರ 115ರ ಸನೇಕ ಬರತಿತ್ತು.

— ಮತ್ತ ಬಲ್ಬ್ ಹಚ್ಚಿದಾಗ?

— ಎಷ್ಟ ಕರಂಟ್ ಹಾಯತೈತಿ ಲೆಕ್ಕಾ ಹಾಕು. ಇಂಥಾ ವಾಯರಿನ ಜೋಡಿಗೆ ಒಂದ ಮೀಟರ್ ಉದ್ದಕ್ಕ 100 ಪಿಕೋಫ್ಯಾರಡ್ ಅಂತ ಹಿಡಿ. ಹತ್ತ ಮೀಟರ್ ವಾಯರಿಗೆ?

— 1000 ಪಿಕೋ. ಅಂದ್ರ ಒಂದ ನ್ಯಾನೋಫ್ಯಾರಡ್. 230 ವೋಲ್ಟ್, 50 ಹರ್ಟ್ಜ್... 72 ಮೈಕ್ರೋಆಂಪಿಯರ್. ಇಷ್ಟ ಸಣ್ಣದಾ?

— ಅಷ್ಟ. ಆ ಬಲ್ಬ್ ಪೂರಾ ಬೆಳಕ ಕೊಡಾಕ 65 ಮಿಲಿಆಂಪಿಯರ್ ಬೇಕು. ಇದು ಅದರ ಸಾವಿರದ ಒಂದ ಪಾಲಿನ ಸನೇಕ ಐತಿ ಅನ್ನು. ನಿನ್ನ ಡಿಜಿಟಲ್ ಮೀಟರಿನ ಹೊಟ್ಯಾಗ 10 ಮೆಗಾಓಮ್ ಇರತೈತಿ. ಅದು ಹೆಚ್ಚುಕಮ್ಮಿ ಏನೂ ಕರಂಟ್ ಎಳಿಯೂದಿಲ್ಲ, ಅದಕ್ಕ ಇಂಥಾ ಖಾಲಿ ವೋಲ್ಟನ್ನೂ ಬರೋಬ್ಬರಿ ಅಳೀತೈತಿ. ಹಳೇ ಮುಳ್ಳಿನ ಮೀಟರ್ ಆಗಿದ್ರ ತಾನ ಅದನ್ನ ಎಳದ ಕೆಡವತಿತ್ತು, ನಿನಗ ಒಗಟಾ ಹುಟ್ಟತಿದ್ದಿಲ್ಲ.

— ಎಲ್‌ಇಡಿ ಬಲ್ಬ್ ಸ್ವಿಚ್ ಬಂದ್ ಮಾಡಿದ್ರೂ ರಾತ್ರಿ ಮಿಣಮಿಣ ಅಂತಾವ ಅಂತಾರಲ್ಲ, ಅದೂ ಇದನ?

— ಭಾಳ ಸಲ ಇದನ. ಸ್ವಿಚ್ಚಿಗೆ ಹೋಗಿ ಬರೂ ಎರಡು ವಾಯರ್ ಗ್ವಾಡ್ಯಾಗ ಜೋಡಿ ಜೋಡಿ ಇರತಾವ. ಆ ಸಣ್ಣ ಕರಂಟ್ ಬಲ್ಬಿನ ಒಳಗಿನ ಕಂಡೆನ್ಸರ್ ತುಂಬತಾ ಹೋಗತೈತಿ, ತುಂಬಿದಾಗೊಮ್ಮೆ ಬಲ್ಬ್ ಮಿಣ್ ಅಂತೈತಿ. ಕೆಂಪ ದೀಪ ಇದ್ದ ಸ್ವಿಚ್ ಆದ್ರೂ ಹಂಗ ಆಗತೈತಿ. ಇನ್ನ ಕೆಲವು ಮನ್ಯಾಗ ಸ್ವಿಚ್ಚನ್ನ ನ್ಯೂಟ್ರಲ್ಲಿನ್ಯಾಗ ಹಾಕಿರತಾರ. ಬಲ್ಬ್ ಆರಿರತೈತಿ, ಆದ್ರ ಹೋಲ್ಡರಿನ ತನಕ ಫೇಸ್ ಬಂದ ಕುಂತಿರತೈತಿ. ಬಲ್ಬ್ ಬದಲಿ ಮಾಡಾಕ ಕೈ ಹಾಕಿದವ್ರ ಗತಿ ನೀನ ಹೇಳು.

— ಅಂದ್ರ ಜಮಖಂಡಿ ಮನಿಯವ್ರಿಗೆ "ಅಂಜಬ್ಯಾಡ್ರಿ, ಏನೂ ಇಲ್ಲ" ಅಂತ ಹೇಳಿಬಿಡ್ಲಾ?

— ಬಲ್ಬ್ ಹಚ್ಚಿದಾಗ ಸೊನ್ನಿ ಆತು ಅಂತ ಹೇಳಬಹುದು. ಇದ ರೀಡಿಂಗ್ ಹಸಿ ಗ್ವಾಡ್ಯಾಗ ಬಂದಿದ್ರ ಹೇಳೂಹಂಗಿಲ್ಲ. ಬಲ್ಬ್ ಹಚ್ಚಿದ ಮ್ಯಾಲೂ ವೋಲ್ಟ್ ಉಳೀತಂದ್ರ ಅದು ಸೋರಿಕಿ. ಪಿವಿಸಿ ಒಡದೇತಿ, ಇಲ್ಲಾ ಪೈಪಿನ್ಯಾಗ ನೀರು ನಿಂತೇತಿ.

— 2019ರ ಆಗಸ್ಟಿನ್ಯಾಗ ಕೃಷ್ಣಾ, ಘಟಪ್ರಭಾ ಎರಡೂ ಏರಿದ್ವಲ್ಲ, ಹೊಳಿ ದಂಡಿ ಊರಾಗ ನೀರು ಬೋರ್ಡಿನ ಮ್ಯಾಲತನಕ ಬಂದಿತ್ತು.

— ಆ ಮನಿಗೋಳ ಮಾತೇ ಬ್ಯಾರೆ. ಬೋರ್ಡ್ ಬಿಚ್ಚಿದ್ರ ಸ್ವಿಚ್ಚಿನ ಒಳಗ ರಾಡಿ ಒಣಗಿ ಕುಂತಿತ್ತು. ಮ್ಯಾಲೆ ಬಣ್ಣಾ ಹೊಡದ್ರ ಮನಿ ಹೊಸಾದಾತು, ಪೈಪಿನ ಒಳಗಿನ ಹಸಿ ಯಾರ ನೋಡ್ಯಾರ? ಅಂಥಲ್ಲಿ ಮಲ್ಟಿಮೀಟರ್ ನಂಬಬ್ಯಾಡ, ಮೆಗ್ಗರ್ ತಗೊಂಡು ಹೋಗು. ಮೇನ್ ಬಂದ್ ಮಾಡಿ, ಫೇಸ್ ನ್ಯೂಟ್ರಲ್ ಎರಡನ್ನೂ ಕೂಡಿಸಿ, ಅದಕ್ಕೂ ಅರ್ಥಿಗೂ ನಡುವ 500 ವೋಲ್ಟ್ ಹಾಕು. ಒಂದ ಮೆಗಾಓಮಿಗಿಂತ ಕೆಳಗ ಬಂದ್ರ ಆ ಲೈನ್ ಚಾಲೂ ಮಾಡಬ್ಯಾಡ.

— ಅದರಾಗೂ ಒಂದ ಒಗಟಾ ಆಗೇತ್ರಿ. ಒಂದ ಮನ್ಯಾಗ ಹೊಸಾ ವಾಯರಿಂಗ್ ಇದ್ರೂ ಮೆಗ್ಗರ್ ಕಮ್ಮಿ ತೋರಿಸ್ತು.

— ಟಿವಿ, ಎಲ್‌ಇಡಿ, ಚಾರ್ಜರ್ ತಗದಿದ್ಯಾ?

— ಟಿವಿ ಪಿನ್ ಹಂಗ ಇತ್ತು. ತಗದ ಮ್ಯಾಲೆ ಮುಳ್ಳು ಏರಿತು.

— ಟಿವಿ ಉಳದದ್ದು ಅವ್ರ ಪುಣ್ಯಾ. ಮೆಗ್ಗರ್ ಹಚ್ಚೂ ಮೊದಲ ಎಲೆಕ್ಟ್ರಾನಿಕ್ ಸಾಮಾನೆಲ್ಲಾ ಬಿಚ್ಚಿರಬೇಕು. ಇಲ್ಲಾಂದ್ರ ನೀ ಗ್ವಾಡ್ಯಾಗಿನ ವಾಯರ್ ಅಳೀತೀನಿ ಅಂತ ಟಿವಿ ಹೊಟ್ಟಿ ಅಳದು ಬರತಿ.

— ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮ ಐಟಿಐ ಸರ್ರು ಈ ಬಲ್ಬ್ ಹಚ್ಚಿ ನೋಡೂದು ಬ್ಯಾಡ ಅಂತಾರ.

— ಯಾಕಂತ? ನಾ ಹೋಲ್ಡರಿಗೆ ಎರಡು ವಾಯರ್ ಕಟಗೊಂಡ ಬಾಳೇವು ಮಾಡೀನಿ.

— ಮಗ್ಗದ ಶೆಡ್ಡಿನ್ಯಾಗ ತ್ರೀ ಫೇಸ್ ಇರತೈತಿ. ಗೊತ್ತಿಲ್ಲದ ಎರಡು ಫೇಸಿಗೆ ಬಲ್ಬ್ ಹಚ್ಚಿದ್ರ ಅದರ ಮ್ಯಾಲೆ 400 ವೋಲ್ಟ್ ಬೀಳತೈತಿ. ಬಲ್ಬ್ ಮಾರಿಗೆ ಒಡೀತೈತಿ.

— ಅದಕ್ಕ ಶೆಡ್ಡಿನ್ಯಾಗ ನಾವು ಎರಡು ಬಲ್ಬ್ ಸಿರೀಸ್ ಹಾಕತಿದ್ದಿವಿ.

— ಎರಡೂ ಒಂದ ವ್ಯಾಟಿನ್ಯಾವು ಇದ್ರ ನಡೀತೈತಿ. ಒಂದ 15, ಒಂದ 100 ಇದ್ರ 15ರದ್ದು ಹೋಗತೈತಿ. ಈಗ ಕಮ್ಮಿ ಓಮಿನ ಮೀಟರ್ ಬಂದಾವ್ರಿ, ಗುಂಡಿ ಒತ್ತಿದ್ರ ತಾನ ಚೂರ ಕರಂಟ್ ಎಳದು ನೋಡತೈತಿ. ಖಾಲಿ ವೋಲ್ಟ್ ಆದ್ರ ಅಲ್ಲೇ ಬಿದ್ದುಹೋಗತೈತಿ, ಗಾಜ ಒಡಿಯೂ ಅಂಜಿಕಿ ಇಲ್ಲ.

— ಇರಲಿ, ನಿಂದ ಖರೇ. ಅದು ಕೈಯಾಗ ಇದ್ರ ಬಲ್ಬ್ ಬ್ಯಾಡ. ಯಾವುದರಿಂದ ಆದ್ರೂ ಎಳದ ನೋಡಬೇಕು ಅನ್ನೂದು ಮಾತ್ರ ಬಿಡಬ್ಯಾಡ. ಮುಧೋಳದ್ದು ಏನು?

— ಮುಧೋಳದ ಮನ್ಯಾಗ ಒಂದ ಲೈಟೂ ಹತ್ತವಲ್ದು. ಆದ್ರ ಪ್ಲಗ್ಗಿನ ಎರಡೂ ತೂತಿನ್ಯಾಗ ಟೆಸ್ಟರ್ ಹತ್ತತೈತಿ. "ಎರಡೂ ವಾಯರಿನ್ಯಾಗ ಫೇಸ್ ಬಂದೇತಿ, ವೋಲ್ಟ್ ಡಬಲ್ ಆಗೇತಿ" ಅಂತ ಬಾಜೂ ಮನಿಯವ್ರು ಹೇಳಿ, ಫ್ರಿಜ್ ಟಿವಿ ಎಲ್ಲಾ ಪಿನ್ ಕಿತ್ತ ಇಟ್ಟಿದ್ರು. ಮೀಟರ್ ಹಿಡದ್ರ ಎರಡು ತೂತಿನ ನಡುವ ಬರೇ 2 ವೋಲ್ಟ್. ಫೇಸಿಗೂ ಅರ್ಥಿಗೂ 231. ನ್ಯೂಟ್ರಲ್ಲಿಗೂ ಅರ್ಥಿಗೂ 229.

— ಟೆಸ್ಟರ್ ಎರಡು ಕಡೆ ಹತ್ತತೈತಿ, ಮೀಟರ್ ಏನೂ ಇಲ್ಲ ಅಂತೈತಿ. ಯಾವುದು ಖರೇ?

— ಎರಡೂ ಖರೇ ಅಂತ ನನಗ ಆಮ್ಯಾಲೆ ಹೊಳೀತು. ಟೆಸ್ಟರ್ ವಾಯರಿಗೂ ನೆಲಕ್ಕೂ ನಡುವ ನೋಡತೈತಿ, ನನ್ನ ಮೈ ಅದಕ್ಕ ದಾರಿ. ಮೀಟರ್ ವಾಯರಿಗೂ ವಾಯರಿಗೂ ನಡುವ ನೋಡ್ತು. ಎರಡೂ ವಾಯರ್ ನೆಲದಿಂದ 230 ಮ್ಯಾಲೆ ಅದಾವ, ಒಂದಕ್ಕೊಂದು ಸಮಾ ಅದಾವ. ಲೈಟಿನ ಸ್ವಿಚ್ ಒಂದೊಂದ ಬಂದ್ ಮಾಡಿಕೋತ ಹೋದ್ನಿ. ಕಡೀ ಸ್ವಿಚ್ ಬಂದ್ ಆದ ಕೂಡಲೇ ಕರಿ ವಾಯರಿನ ಟೆಸ್ಟರ್ ಆರಿತು.

— ಮ್ಯಾಲೆ ಹೇಳು.

— ನ್ಯೂಟ್ರಲ್ ಎಲ್ಲೋ ಹರದೇತಿ. ಫೇಸ್ ಲೈಟಿನ ಒಳಗ ಹಾದು ಕರಿ ವಾಯರಿಗೆ ಬಂದೇತಿ, ಮುಂದ ಹೋಗಾಕ ದಾರಿ ಇಲ್ಲ, ಅಲ್ಲೇ ನಿಂತೇತಿ. ಕರಂಟ್ ಹರಿಯೂದಿಲ್ಲ, ಅದಕ್ಕ ಲೈಟ್ ಹತ್ತೂದಿಲ್ಲ. ಆದ್ರ ಆ ಕರಿ ವಾಯರ್ ಮುಟ್ಟಿದವ್ರ ಮೈ ಅದಕ್ಕ ದಾರಿ ಆಗತೈತಿ.

— ಇದನ್ನ ಮಂದಿಗೆ ತಿಳಿಸಿ ಹೇಳು. "ಲೈಟ್ ಹೋಗ್ಯಾವ, ಕರಂಟ್ ಇಲ್ಲ" ಅಂತ ಕರಿ ವಾಯರಿಗೆ ಕೈ ಹಾಕಿ ಸತ್ತವ್ರು ಅದಾರ. ಹರದ ಜಾಗ ಹೆಂಗ ಹುಡಕಿದಿ?

— ಮೇನಿನಿಂದ ಕಡೀ ಖೋಲಿತನಕ ಒಂದೊಂದ ಬೋರ್ಡ್ ಬಿಚ್ಚಲಿಲ್ಲ. ನಡುವಿನ ಜಾಯಿಂಟ್ ಬಾಕ್ಸ್ ಬಿಚ್ಚಿದ್ನಿ. ಅಲ್ಲಿಗೇ ನ್ಯೂಟ್ರಲ್ ಬಂದಿದ್ದಿಲ್ಲ. ಅಂದ್ರ ಮುಂದಿನ ಅರ್ಧಾ ಮನಿ ಬಿಟ್ಟಬಿಡೂದು. ಉಳದ ಅರ್ಧದಾಗ ಮತ್ತ ನಡುವಿಂದು. ಅಡಗಿ ಮನಿ ಮ್ಯಾಲಿನ ಬಾಕ್ಸಿನ್ಯಾಗ ಸಿಕ್ತು. ಹಳೇ ಅಲ್ಯುಮಿನಿಯಂ ವಾಯರಿಗೆ ಹೊಸಾ ತಾಮ್ರದ ವಾಯರ್ ತಿರುವಿ ಟೇಪ್ ಸುತ್ತಿದ್ರು. ಟೇಪ್ ಸುಟ್ಟ ಕರ್ರಗಾಗಿತ್ತು.

— ಆ ಜೋಡಿ ಬಾಳೂದಿಲ್ಲ. ಅಲ್ಯುಮಿನಿಯಮ್ಮಿನ ಮ್ಯಾಲೆ ಗಾಳಿಗೆ ಒಂದ ಪದರು ಕಟ್ಟತೈತಿ, ಅದರಾಗ ಕರಂಟ್ ಹಾಯೂದಿಲ್ಲ. ಬಿಸಿ ಆದಾಗ ಎರಡೂ ಲೋಹ ಬ್ಯಾರೆ ಬ್ಯಾರೆ ಅಳತಿಗೆ ಹಿಗ್ಗತಾವ, ತಿರುವಿದ್ದು ಸಡಲಾಗತೈತಿ. ಹಸಿ ಸೇರಿದ್ರ ಕೊರೀಲಾಕ ಹತ್ತತೈತಿ. ಹರಿಯೂ ಮೊದಲ ಅದು ಸುಳಿವು ಕೊಟ್ಟಿರತೈತಿ. ಕೇಳಿದ್ಯಾ?

— ಕೇಳಿದ್ನಿ. ಗೀಜರ್ ಹಚ್ಚಿದಾಗ ಲೈಟ್ ಮಬ್ಬ ಆಗತಿದ್ವಂತ. ಇಂಥಾದ ಇನ್ನೊಂದ ಮನಿ ರೀಡಿಂಗ್ ಅದಾವ. ಗೀಜರ್ ಬಂದ್ ಇದ್ದಾಗ ನ್ಯೂಟ್ರಲ್ಲಿಗೂ ಅರ್ಥಿಗೂ 1 ವೋಲ್ಟ್. ಚಾಲೂ ಮಾಡಿದಾಗ 17. ಅದ ಹೊತ್ತಿಗೆ ಫೇಸ್–ನ್ಯೂಟ್ರಲ್ 212, ಫೇಸ್–ಅರ್ಥ್ 229.

— ಕೂಡಿಸು.

— 212, 17. ಬರೋಬ್ಬರಿ 229.

— ಈ ಮೂರ ಅಂಕಿ ಯಾವಾಗಲೂ ಒಂದಕ್ಕೊಂದು ತಾಳಿ ಆಗಬೇಕು. ಫೇಸ್ ಕಡೆ ಏನೂ ಕಮ್ಮಿ ಆಗಿಲ್ಲ, 17 ವೋಲ್ಟ್ ನ್ಯೂಟ್ರಲ್ಲಿನ ದಾರ್ಯಾಗ ಕಳದೇತಿ. ಗೀಜರ್ 8 ಆಂಪಿಯರ್ ಎಳೀತಿದ್ರ, 17ನ್ನ 8ರಿಂದ ಗುಣಿಸು.

— 136 ವ್ಯಾಟ್.

— ಅಷ್ಟೂ ಬಿಸಿ ಒಂದ ಬಟ್ಟಿನಷ್ಟ ಜಾಯಿಂಟಿನ್ಯಾಗ. ಟೇಪ್ ಸುಡದ ಮತ್ತೇನಾಗತೈತಿ? ಫ್ಯೂಜ್ ಹೋಗೂದಿಲ್ಲ, ಎಂಸಿಬಿ ಬೀಳೂದಿಲ್ಲ, ಯಾಕಂದ್ರ ಕರಂಟ್ ಹೆಚ್ಚಾಗೇ ಇಲ್ಲ. ಅದನ್ನ ಹಿಡಿಯೂದು ಈ ಮೂರ ಅಂಕಿ, ಅದೂ ಗೀಜರ್ ನಡದಾಗ ತಗೊಂಡದ್ದು. ಖಾಲಿ ಇದ್ದಾಗ ನೋಡಿದ್ರ ಮನಿ ಭಾರಿ ಚಲೋ ಕಾಣತೈತಿ.

— ಮತ್ತ ನ್ಯೂಟ್ರಲ್ ಮನ್ಯಾಗ ಹರಿಯದ ಓಣಿ ಕಂಬದ ಮ್ಯಾಲೆ ಹರದ್ರ? ಅವಾಗ ಖರೇನ ವೋಲ್ಟ್ ಡಬಲ್ ಆಗತೈತಿ ಅಂತಾರಲ್ಲ?

— ಆಗತೈತಿ, ಆದ್ರ ಎಲ್ಲಾ ಮನಿಗೂ ಅಲ್ಲ. ಓಣಿ ಟ್ರಾನ್ಸ್‌ಫಾರ್ಮರಿಗೆ, ಅಂದ್ರ ಟಿಸಿಗೆ, 11 ಸಾವಿರ ವೋಲ್ಟ್ ಬಂದು, ಮೂರು ಫೇಸ್ ಒಂದ ನ್ಯೂಟ್ರಲ್ ಆಗಿ ಇಳೀತೈತಿ. ನಿಮ್ಮ ಮನಿ ಒಂದ ಫೇಸಿನ್ಯಾಗ, ಎದರ ಮನಿ ಇನ್ನೊಂದ ಫೇಸಿನ್ಯಾಗ. ಗಾಳಿಗೆ ಇಲ್ಲಾ ತುಕ್ಕಿಗೆ ಟಿಸಿ ಕಡೆ ನ್ಯೂಟ್ರಲ್ ಬಿಟ್ಟಿತು ಅಂದ್ಕೋ. ಎರಡೂ ಮನಿ ಒಂದಕ್ಕೊಂದು ಸಿರೀಸ್ ಆಗಿ 400 ವೋಲ್ಟಿನ ನಡುವ ಸಿಗತಾವ. ನಿಮ್ಮ ಮನ್ಯಾಗ 100 ವ್ಯಾಟಿನ ಬಲ್ಬ್ ಒಂದ, ಎದರ ಮನ್ಯಾಗ 1000 ವ್ಯಾಟಿನ ಕಾಯಿಲ್ ಒಲಿ. ಮಾಡು ಲೆಕ್ಕಾ.

— ಬಲ್ಬಿಂದು 529 ಓಮ್, ಒಲಿದು 53. ಎರಡೂ ಕೂಡಿ 582. 400 ಭಾಗಿಲೆ 582, ಅಂದ್ರ 0.69 ಆಂಪಿಯರ್. ಬಲ್ಬಿನ ಮ್ಯಾಲೆ 364 ವೋಲ್ಟ್, ಒಲಿ ಮ್ಯಾಲೆ 36!

— ಕಮ್ಮಿ ಎಳಿಯೂ ಮನಿ ಸುಡತೈತಿ, ಹೆಚ್ಚ ಎಳಿಯೂ ಮನಿ ಮಬ್ಬ ಆಗತೈತಿ. ಒಂದ ಮನ್ಯಾಗ ಟಿವಿ ಹೋತು, ಎದರ ಮನ್ಯಾಗ ಫ್ಯಾನ್ ತಿರಗವಲ್ದು ಅಂತ ಒಂದ ಹೊತ್ತಿಗೆ ಎರಡು ದೂರು ಬಂದ್ರ ಮನಿ ವಾಯರಿಂಗ್ ಹುಡಕಬ್ಯಾಡ. ಎಲ್ಲಾರಿಗೂ ಮೇನ್ ಬಂದ್ ಮಾಡಸು, 1912ಕ್ಕ ಫೋನ್ ಹಚ್ಚು. ಕಂಬ ಹತ್ತೂದು ನಮ್ಮ ದಗದ ಅಲ್ಲ.

— ಹೊಲದ ಕಡೆ ಕಂಡೆನ್ಸರ್ ಹಾಕಿ ಸಿಂಗಲ್ ಫೇಸಿನ್ಯಾಗ ಮೋಟಾರ್ ನಡಸತಾರಲ್ಲ, ಅದರಿಂದೂ ನ್ಯೂಟ್ರಲ್ಲಿಗೆ ತ್ರಾಸ ಆಗತೈತೇನ್ರಿ?

— ಆಗತೈತಿ. ಮೂರೂ ಫೇಸ್ ಸಮಾ ಎಳದ್ರ ನ್ಯೂಟ್ರಲ್ಲಿನ್ಯಾಗ ಏನೂ ಉಳಿಯೂದಿಲ್ಲ. ಒಂದ ಫೇಸಿನ್ಯಾಗ ಎಲ್ಲಾರೂ ಬಿದ್ರ, ಆ ಪೂರಾ ಕರಂಟ್ ನ್ಯೂಟ್ರಲ್ಲಿನ್ಯಾಗ ಹೊಳ್ಳಿ ಬರಬೇಕು. ಜಾಯಿಂಟ್ ಬಿಸಿ ಆಗತಾವ, ಕಡೀಕ ಬಿಡತಾವ. ನೋಡು ಯವ್ವಾ, ಮಂದಿ ಫೇಸಿಗೆ ಅಂಜತಾರ, ಟೆಸ್ಟರ್ ಹಿಡದು ಫೇಸ್ ಹುಡಕತಾರ. ಕರಂಟ್ ಹೊಳ್ಳಿ ಹೋಗೂ ದಾರಿ ಯಾರೂ ನೋಡೂದಿಲ್ಲ. ಆ ಕಡಿಂದ ಹೊಡದ ಲಾಳಿ ಈ ಕಡಿಂದ ಹೊಳ್ಳಿ ಬರಲಿಲ್ಲಂದ್ರ ಮಗ್ಗ ನಿಲ್ಲತೈತಿ, ನೇಕಾರ ಮೊದಲ ಲಾಳಿ ಎಲ್ಲಿ ಸಿಕ್ಕೇತಿ ಅಂತ ನೋಡತಾನ. ನೀನೂ ಅದನ್ನ ನೋಡು.

— ಕಿರ್ಚಾಫ್ 1845ರಾಗ ಹೇಳಿದ್ದೂ ಅದನ. ಒಂದ ಕೂಡಿಗೆ ಎಷ್ಟ ಕರಂಟ್ ಬರತೈತೋ ಅಷ್ಟ ಹೊರಗ ಹೋಗಬೇಕು. ಅವ ಆಗ ಇನ್ನೂ ಕಲಿಯೂ ಹುಡುಗ ಇದ್ನಂತ.

— ನೀನೂ ಕಲಿಯೂ ಹುಡಗೀನ. ಬೀಳಗಿದು ಹೇಳು.

— ಬೀಳಗಿ ಮನ್ಯಾಗ ವಾಷಿಂಗ್ ಮಶಿನ್, ಕಂಪ್ಯೂಟರ್ ಮುಟ್ಟಿದ್ರ ಜುಮ್ ಅಂತಾವ. ಫೇಸ್–ನ್ಯೂಟ್ರಲ್ 230. ಫೇಸ್–ಅರ್ಥ್ 119. ನ್ಯೂಟ್ರಲ್–ಅರ್ಥ್ 111. ಕೂಡಿಸಿದ್ರ 230, ತಾಳಿ ಏನೋ ಆತು. ಆದ್ರ ಅರ್ಥ್ ಅಂದ್ರ ನೆಲ. ನೆಲ ಹೆಂಗ ನಡುವ ನಿಲ್ಲತೈತಿ?

— ನೆಲ ನಡುವ ನಿಂತಿಲ್ಲ. ಹಸರ ವಾಯರ್ ನೆಲಾ ಮುಟ್ಟಿಲ್ಲ, ಅಷ್ಟ. ಕಂಪ್ಯೂಟರಿನ ಒಳಗ ಗದ್ದಲ ಸೋಸಾಕ ಎರಡು ಸಣ್ಣ ಕಂಡೆನ್ಸರ್ ಇರತಾವ. ಒಂದ ಫೇಸಿನಿಂದ ಬಾಡಿಗೆ, ಒಂದ ನ್ಯೂಟ್ರಲ್ಲಿನಿಂದ ಬಾಡಿಗೆ. ಎರಡೂ ಸಮಾ ಇರೂದರಿಂದ ಬಾಡಿ 230ರ ಅರ್ಧಕ್ಕ ನಿಲ್ಲತೈತಿ. ಹಸರ ವಾಯರ್ ನೆಲಾ ಮುಟ್ಟಿದ್ರ ಆ ಕರಂಟ್ ಮಣ್ಣಿಗೆ ಹೋಗತಿತ್ತು. ಈಗ ನಿಮ್ಮ ಬಟ್ಟಿನಿಂದ ಹೋಗತೈತಿ. ಅರ್ಥ್ ತಗ್ಗು ನೋಡಿದ್ಯಾ?

— ಹಿತ್ತಲದಾಗ ಐತಿ. ಎರಿ ಭೂಮಿ, ಬಿಸಲಿಗೆ ಬಾಯಿ ಬಿಟ್ಟೇತಿ, ಪೈಪಿನ ಸುತ್ತ ಬಟ್ಟ ತೂರೂವಷ್ಟ ಸೀಳು. ಪೈಪಿಗೆ ಬಿಗದ ವಾಯರ್ ತುಕ್ಕ ಹಿಡದು ಕಡದಿತ್ತು.

— ಎರಿ ಮಣ್ಣಿನ ಗುಣಾನ ಅದು. ಮಳಿಗಾಲದಾಗ ಪೈಪಿಗೆ ಅಪ್ಪಿಕೊಂಡಿರತೈತಿ, ಬ್ಯಾಸಗ್ಯಾಗ ಬಿಟ್ಟ ಸರೀತೈತಿ. ಅದಕ್ಕ ಇದ್ದಲಿ, ಉಪ್ಪು ಹಾಕಿ, ಬ್ಯಾಸಗ್ಯಾಗ ಕೊಡಾ ನೀರು ಸುರೀಬೇಕು. ಆಗಸ್ಟಿನ್ಯಾಗ ಅಳದ ಅರ್ಥ್ ಏಪ್ರಿಲ್ ತಿಂಗಳಿಗೆ ಸಾಕ್ಷಿ ಹೇಳೂದಿಲ್ಲ. ಅವ್ರು ಬ್ಯಾರೆ ಏನರ ಮಾಡಸಾಕ ಹೊಂಟಿದ್ರೇನು?

— ಹೌದ್ರಿ. "ತಗ್ಗ ಯಾಕ ತೋಡೂದು, ಪ್ಲಗ್ಗಿನ ಒಳಗ ಹಸರ ಪಿನ್ನು, ಕರಿ ಪಿನ್ನು ಒಂದ ತುಣುಕು ವಾಯರಿನಿಂದ ಕೂಡಿಸಿದ್ರ ಜುಮ್ ನಿಲ್ಲತೈತಿ" ಅಂತ ಯಾರೋ ಹೇಳ್ಯಾರಂತ. ನಿಲ್ಲೂದಂತೂ ಖರೇ. ನ್ಯೂಟ್ರಲ್–ಅರ್ಥ್ ರೀಡಿಂಗ್ ಸೊನ್ನಿ ಬರತೈತಿ, ಫೇಸ್–ಅರ್ಥ್ 230. ನೋಡಾಕ ಎಲ್ಲಾ ಬರೋಬ್ಬರಿ.

— ಈಗ ಆ ಮನಿಗೆ ನಿನ್ನ ಮುಧೋಳದ ಮನಿ ಸುಟ್ಟ ಜಾಯಿಂಟ್ ತಂದ ಹಾಕು.

— ನ್ಯೂಟ್ರಲ್ ಹರದ್ರ... ಕರಿ ವಾಯರಿಗೆ 230 ಬರತೈತಿ. ಅಲ್ಲಿಂದ ಆ ತುಣುಕಿನ್ಯಾಗ ಹಾದು ಹಸರ ವಾಯರಿಗೆ. ವಾಷಿಂಗ್ ಮಶಿನ್, ಫ್ರಿಜ್, ಇಸ್ತ್ರಿ ಪೆಟಗಿ, ಎಲ್ಲಾದರ ಬಾಡಿಗೂ!

— ಮತ್ತ ಹೆಣ್ಣಮಕ್ಕಳು ಹಸಿ ಕೈಲೆ ಮುಟ್ಟೂದು ಅದನ್ನ. ಎಲ್ಲಾಕಿಂತ ಚೊಕ್ಕ ಕಾಣೂ ರೀಡಿಂಗ್ ಎಲ್ಲಾಕಿಂತ ಕೆಟ್ಟ ಮನಿದು ಇರಬಹುದು. ಇದಕ್ಕ ಮದ್ದು ತಗ್ಗು ತೋಡೂದು, ಮತ್ತ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕೂದು. ಅದು ನಮ್ಮಂಥಾ ಲೆಕ್ಕದವ. ಹೋದ ಕರಂಟು, ಹೊಳ್ಳಿ ಬಂದ ಕರಂಟು ಎರಡನ್ನೂ ಸತತ ನೋಡತಿರತೈತಿ. 30 ಮಿಲಿಯಷ್ಟ ಫರಕ ಕಂಡ್ರ, ಇದು ಯಾರದೋ ಮೈಯಾಗ ಹಾದ ಹೊಂಟೇತಿ ಅಂತ ತಿಳಕೊಂಡು ಬೀಳತೈತಿ.

— ನೆಲಾನ ದಾರಿ ಮಾಡ್ಕೊಂಡ್ರ ಆಗೂದಿಲ್ಲೇನ್ರಿ? ನ್ಯೂಜಿಲೆಂಡ್, ಆಸ್ಟ್ರೇಲಿಯಾದ ದೂರದ ಹಳ್ಳಿಗೆ ಒಂದ ತಂತಿ ಅಷ್ಟ ಎಳದು, ನೆಲದಾಗ ಹೊಳ್ಳಿ ತರತಾರ ಅಂತ ಓದೀನಿ.

— ಅಲ್ಲಿ ಹಾಯೂದು ಭಾರಿ ವೋಲ್ಟು, ಕಮ್ಮಿ ಕರಂಟು. ಅರ್ಥಿಂಗನ್ನ ಅಳದು ಕಾಯತಾರ. ನಮ್ಮಲ್ಲಿ ಅದನ್ನ ಮಾಡಿದವ್ರು ಕಳ್ಳರು! ಮೀಟರಿಗೆ ಬರೂ ಫೇಸ್, ನ್ಯೂಟ್ರಲ್ ಅದಲಬದಲ ಮಾಡಿ, ನ್ಯೂಟ್ರಲ್ ಬದಲಿ ನೆಲದಾಗ ಗೂಟ ಬಡದು ಹೊಳ್ಳಿ ಕಳಸತಿದ್ರು, ಮೀಟರ್ ಓಡಬಾರದಂತ. ಅದಕ್ಕ ಈಗಿನ ಮೀಟರು ಫೇಸೂ ಅಳೀತಾವ, ನ್ಯೂಟ್ರಲ್ಲೂ ಅಳೀತಾವ. ಎರಡೂ ಸಮಾ ಇಲ್ಲಾಂದ್ರ 'ಇಎಲ್' ಅಂತ ಒಂದ ಕೆಂಪ ದೀಪ ಹತ್ತತೈತಿ.

— ಅದ ದೀಪಾನ ನಮ್ಮ ಊರಿನ ಮನ್ಯಾಗ ಹತ್ತೇತಿ! ಮುಂದ ಮನಿ, ಹಿಂದ ಮಗ್ಗದ ಶೆಡ್ಡು. ಮನಿಗೊಂದು ಸಿಂಗಲ್ ಫೇಸ್ ಮೀಟರ್, ಮಗ್ಗಕ್ಕೊಂದು ತ್ರೀ ಫೇಸ್ ಮೀಟರ್. ಅವ್ರು ಕಳವು ಮಾಡೂ ಮಂದಿ ಅಲ್ಲ. ಸೋರಿಕಿ ಇರಬೇಕಂತ ಮೆಗ್ಗರ್ ಹಚ್ಚಿದ್ನಿ, ಮನಿ ವಾಯರಿಂಗ್ ಚೊಕ್ಕ ಐತಿ.

— ಕ್ಲಾಂಪ್ ಮೀಟರ್ ಹಾಕಿದ್ಯಾ?

— ಮನಿ ಮೀಟರಿನ ಹೊರಗ ಹಾಕಿದ್ನಿ. ಫೇಸಿನ್ಯಾಗ 1.2 ಆಂಪಿಯರ್. ನ್ಯೂಟ್ರಲ್ಲಿನ್ಯಾಗ 1.6. ಹೋದದ್ದಕ್ಕಿಂತ ಹೊಳ್ಳಿ ಬಂದದ್ದ ಹೆಚ್ಚ! ಎರಡೂ ವಾಯರ್ ಒಮ್ಮೆಲೇ ಕ್ಲಾಂಪಿನ ಒಳಗ ಹಿಡದ್ರ 0.4 ಬರಬೇಕಲ್ಲ? 1.8 ಬಂತು. ಮೂರ ಸಲ ನೋಡಿದ್ರೂ ಅಷ್ಟ.

— ಶೆಡ್ಡಿನ್ಯಾಗ ಆ ಹೊತ್ತಿಗೆ ಮಗ್ಗ ನಡದಿದ್ವೋ?

— ನಡದಿದ್ವು. ಲೈಟ್, ಫ್ಯಾನೂ ಚಾಲೂ ಇದ್ದು.

— ಮಗ್ಗದ ಮೋಟಾರಿಗೆ ಮೂರೂ ಫೇಸ್ ಇರತಾವ, ಅದಕ್ಕ ನ್ಯೂಟ್ರಲ್ ಬೇಕಿಲ್ಲ. ಲೈಟಿಗೆ, ಫ್ಯಾನಿಗೆ ಬೇಕು. ಶೆಡ್ಡಿನ ಲೈಟಿಗೆ ಫೇಸ್ ಮಗ್ಗದ ಮೀಟರಿಂದು. ನ್ಯೂಟ್ರಲ್ ಎಲ್ಲಿಂದು?

— ಅದು... ಮನಿ ಹಿಂದಿನ ಬೋರ್ಡಿನಿಂದ ತಗೊಂಡಾರ! ಸನೇಕ ಸಿಕ್ತಂತ.

— ಅಲ್ಲೇ ಐತಿ. ಶೆಡ್ಡಿನ ಕರಂಟ್ ಮಗ್ಗದ ಮೀಟರಿನ್ಯಾಗ ಹಾದ ಹೋತು, ಮನಿ ಮೀಟರಿನ್ಯಾಗ ಹೊಳ್ಳಿ ಬಂತು.

— ಹಂಗಾದ್ರ 1.2ಕ್ಕ 1.8 ಕೂಡಿ ನ್ಯೂಟ್ರಲ್ಲಿನ್ಯಾಗ 3 ಇರಬೇಕಿತ್ತು. 1.6 ಯಾಕ?

— ನೀನ ಹೇಳು. ಮನಿ ಯಾವ ಫೇಸಿನ್ಯಾಗ ಐತಿ, ಶೆಡ್ಡಿನ ಲೈಟ್ ಯಾವುದರಾಗ?

— ಮನಿ ಆರ್. ಶೆಡ್ಡು... ವೈ ಇರಬೇಕು. ತಡೀರಿ! ಎರಡರ ನಡುವ 120 ಡಿಗ್ರಿ ಐತಿ. ಬರೇ ಕೂಡಿಸೂಹಂಗಿಲ್ಲ. 1.2ರ ವರ್ಗ 1.44, 1.8ರ ವರ್ಗ 3.24, ಎರಡೂ ಕೂಡಿಸಿ 1.2, 1.8ರ ಗುಣಾಕಾರ 2.16 ಕಳದ್ರ 2.52. ಅದರ ವರ್ಗಮೂಲ 1.59. ಬರೋಬ್ಬರಿ 1.6! ಎರಡೂ ವಾಯರ್ ಕೂಡಿಸಿ ಹಿಡದಾಗ ಮನಿದು ಹೋದದ್ದು, ಬಂದದ್ದು ಒಂದಕ್ಕೊಂದು ಅಳಿಸಿ ಹೋತು. ಉಳದದ್ದು ಶೆಡ್ಡಿಂದು, 1.8.

— ನೋಡು, ಮೂರೂ ರೀಡಿಂಗ್ ಖರೇನ ಹೇಳಿದ್ವು. ಕ್ಲಾಂಪಿನ್ಯಾಗ ಹೋಗೂ ಬರೂ ವಾಯರ್ ಎರಡೂ ಕೂಡಿ ಹಿಡಿಯೂದು ರೂಢಿ ಮಾಡ್ಕೋ. ಸೊನ್ನಿ ಬಂದ್ರ ಮನಿ ಲೆಕ್ಕಾ ಮನ್ಯಾಗ ಮುಗದೇತಿ. ಸೊನ್ನಿ ಬರಲಿಲ್ಲಂದ್ರ ಯಾರದೋ ಇಲ್ಲಿ ಬಂದೇತಿ, ಇಲ್ಲಾ ಇಲ್ಲಿಂದು ಎಲ್ಲೋ ಹೊಂಟೇತಿ.

— ಇದರಿಂದ ಬಿಲ್ಲಿಗೆ ಏನರ ಆಗತೈತೇನು?

— ಎರಡೂ ಒಂದ ಫೇಸಿನ್ಯಾವಾದ್ರ ಆಗಬಹುದು. ಕೆಲವು ಮೀಟರ್ ಎರಡರಾಗ ಯಾವುದು ಹೆಚ್ಚೋ ಅದನ್ನ ಹಿಡೀತಾವ. ಶೆಡ್ಡಿನ ಲೈಟ್ ಮಗ್ಗದ ಮೀಟರಿನ್ಯಾಗೂ ಎಣಕಿ ಆತು, ಮನಿ ಮೀಟರಿನ್ಯಾಗೂ ಎಣಕಿ ಆತು. ಮನಿಗೆ ಆರ್‌ಸಿಸಿಬಿ ಹಾಕಿದ್ರಂತೂ ನಿಲ್ಲೂದ ಇಲ್ಲ, ಶೆಡ್ಡಿನ ಟ್ಯೂಬ್ ಹಚ್ಚಿದ ಕೂಡಲೇ ಬೀಳತೈತಿ. ಮಂದಿ "ಆರ್‌ಸಿಸಿಬಿ ಕೆಟ್ಟೇತಿ" ಅಂತ ಅದನ್ನ ತಗದ ಒಗೀತಾರ.

— ಹಂಗಾರ ನಾಳಿಗೆ ಹೋಗಿ ಶೆಡ್ಡಿನ ನ್ಯೂಟ್ರಲ್ ಮನಿ ಬೋರ್ಡಿನಿಂದ ಬಿಚ್ಚಿ, ಮಗ್ಗದ ಮೀಟರಿಗೆ ಸೇರಸತೀನಿ.

— ಹೆಂಗ ಬಿಚ್ಚತಿ? ಮಗ್ಗ ನಿಲ್ಲಸ್ರಿ ಅಂದ್ರ ಅವ್ರು ಗೊಣಗತಾರ. ನೀ ದಗದ ಮಾಡೂದು ಮನಿ ಬೋರ್ಡಿನ್ಯಾಗ. ಮನಿ ಮೇನ್ ಬಂದ್ ಮಾಡಿಕೊಂಡ್ರ ಸಾಲೂದಿಲ್ಲೇನು?

— ಸಾಲೂದಿಲ್ರಿ. ಮನಿ ಮೇನ್ ಬಂದ್ ಮಾಡಿದ್ರೂ ಶೆಡ್ಡಿನ ಫೇಸ್ ಜೀವಂತ ಇರತೈತಿ. ಟ್ಯೂಬಿನ ಒಳಗ ಹಾದು ನಾ ಕೈಯಾಗ ಹಿಡದ ಕರಿ ವಾಯರಿಗೆ ಬರತೈತಿ. ಜಾಯಿಂಟ್ ಬಿಚ್ಚಿದ ಕೂಡಲೇ ಅದರ ದಾರಿ ಕಡೀತೈತಿ, ಆಗ ಉಳಿಯೂ ದಾರಿ ನಾ ಒಬ್ಬಾಕಿನ. ಎರಡೂ ಮೇನ್ ಬಂದ್ ಆಗಬೇಕು, ಎರಡಕ್ಕೂ ಕೀಲಿ ಬೀಳಬೇಕು, ಕರಿ ವಾಯರಿಗೂ ಅರ್ಥಿಗೂ ಮೀಟರ್ ಹಿಡದು, ಗುಂಡಿ ಒತ್ತಿ ಎಳದ ನೋಡಿ, ಆಮ್ಯಾಲೆ ಸ್ಕ್ರೂಡ್ರೈವರ್.

— ಮತ್ತ ಮಗ್ಗದ ಮಾಲಕರು "ಒಂದ ತಾಸು ನಿಂತ್ರ ಇಷ್ಟ ಲುಕ್ಸಾನು" ಅಂದ್ರ?

— ಊಟದ ಹೊತ್ತಿನ್ಯಾಗ ಬರತೀನಿ ಅಂತೀನಿ. ಅದಕ್ಕೂ ಒಲ್ಲೆ ಅಂದ್ರ ಬೋರ್ಡ್ ಮುಚ್ಚಿ ಹೊಳ್ಳಿ ಬರತೀನಿ. ಆದ್ರ ಕೀಲಿ ನನ್ನ ಕಿಸೇದಾಗ ಇರಲಾರದ ಆ ಜಾಯಿಂಟ್ ಮುಟ್ಟಂಗಿಲ್ಲ.

— ಹಂಗಾರ ಹೋಗು. ಈ ದಗದಕ್ಕ ನಾ ಜೋಡಿ ಬರೂದು ಬೇಕಾಗಿಲ್ಲ.